ನಲವತ್ತೊಂದು ನಿಮಿಷ

ಬೆಳಗ್ಗೆ ಎದ್ದಾಗಿನಿಂದ ಟೈಮ್‌ಕೀಪರ್ ಮೂರು ಸಲ ಶರಟು ಬದಲಿಸಿದ್ದರು. ಮೊದಲನೆಯದರ ಕಾಲರ್ ಸವೆದಿತ್ತು. ಎರಡನೆಯದು ಮಿಲ್ಲಿನ ಕಾಲದ್ದು, ಹೊಟ್ಟೆಯ ಹತ್ತಿರ ಗುಂಡಿ ಎಳೆಯುತ್ತಿತ್ತು. ಮೂರನೆಯದು ಹೆಂಡತಿ ತಂದದ್ದು; ಅದನ್ನು ಹಾಕಿಕೊಂಡು ಕನ್ನಡಿಯ ಮುಂದೆ ನಿಂತರೆ ಪುರಸಭೆಗೆ ಹೊರಟವರಂತೆ ಕಾಣದೆ ಯಾರದೋ ಮದುವೆಗೆ ಹೊರಟವರಂತೆ ಕಾಣುತ್ತಿದ್ದರು. ಕಾಣಲಿ ಬಿಡು ಎಂದುಕೊಂಡರು. ಅರವತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಯಾರೋ ಅವರಿಗಾಗಿ ಮುಂದಿನ ಸಾಲಿನಲ್ಲಿ ಕುರ್ಚಿ ಹಿಡಿದಿಟ್ಟಿದ್ದರು. ಹನ್ನೊಂದು ಗಂಟೆಗೆ ಬಜೆಟ್ ಸಭೆ, ತೆರಿಗೆದಾರರು ಬಾಯಿ ಬಿಡಲು ಪುರಸಭೆ ವರ್ಷಕ್ಕೊಮ್ಮೆ ಕೊಡುವ ಅವಕಾಶ. ಆ ವರ್ಷದ ತೆರಿಗೆ ರಸೀದಿಯನ್ನು ಎತ್ತಿ ತೋರಿಸಿದವರಿಗೆ ಮೂರು ನಿಮಿಷ ಮಾತು. ಮಾತು ಮುಗಿದ ಕೂಡಲೇ ಗುಮಾಸ್ತೆ ರಸೀದಿಯ ಮೂಲೆಗೆ ಒಂದು ಮೊಹರು ಒತ್ತುತ್ತಾಳೆ. ಇನ್ನು ಮುಂದಿನ ವರ್ಷದವರೆಗೆ ಆ ಮನುಷ್ಯ ಮೂಗ. ಟೈಮ್‌ಕೀಪರಿಗೆ ಸಿಕ್ಕಿದ್ದು ಏಳನೆಯ ಸರದಿ. ಮೂರು ನಿಮಿಷದಲ್ಲಿ ಹೇಳುವುದನ್ನು ಎರಡು ದಿನದಿಂದ ಬಾಯಿಪಾಠ ಮಾಡಿದ್ದರು, ಗೋಡೆಯ ಗಡಿಯಾರ ನೋಡಿಕೊಂಡು, ಗೋಡೆಗೇ ಹೇಳಿ.

ಹೇಳಲು ಬೇಕಾದಷ್ಟಿತ್ತು. ತೆರಿಗೆ ಈ ವರ್ಷ ಒಂದಕ್ಕೆ ಒಂದೂಕಾಲಾಗಿದೆ. ಬೀದಿಯ ದೀಪ ಮೂರು ತಿಂಗಳಿಂದ ಕುರುಡು. ಮನೆಗಳಿಗೆ ದಿನ ಬಿಟ್ಟು ದಿನ ನೀರು, ಆದರೆ ಪುರಸಭೆಯವರು ತಮ್ಮ ಕಚೇರಿಯ ಮುಂದೆ ಕಾರಂಜಿ ಕಟ್ಟಿಸಿದ್ದಾರೆ. ಉದ್ಘಾಟನೆಯ ದಿನ ಒಂದು ಗಂಟೆ ಚಿಮ್ಮಿದ್ದು, ಆಮೇಲೆ ಅದರಲ್ಲಿ ಬಸ್ ಟಿಕೆಟ್ಟುಗಳು, ಕಡಲೆಕಾಯಿ ಸಿಪ್ಪೆ. ಜನರ ಹಣವನ್ನು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ತೊಳೆಯುತ್ತಿದ್ದಾರೆ ಎಂದು ಎಲ್ಲರೂ ಅನ್ನುವವರೇ. ತೆರಿಗೆದಾರರ ಸಂಘದವರು ಜಗಳವಾಡಿ ನೌಕರರ ಸಂಬಳದ ಪಟ್ಟಿಯನ್ನು ನೋಟೀಸ್ ಬೋರ್ಡಿಗೆ ಹಾಕಿಸಿದ ದಿನ ಟೈಮ್‌ಕೀಪರ್ ಬಿಸಿಲಲ್ಲಿ ನಿಂತು ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಓದಿದ್ದರು. ಮೂವತ್ತೆರಡು ವರ್ಷ ಮಿಲ್ಲಿನ ಗೇಟಿನಲ್ಲಿ ಕೂತು, ಸಾವಿರದ ಇನ್ನೂರು ಜನರ ಬರುಹೋಗು ಬರೆದುಕೊಂಡ ತಮಗೆ ಕೊನೆಯ ತಿಂಗಳು ಬಂದ ಸಂಬಳಕ್ಕಿಂತ ಕಸದ ಲಾರಿಯವನದು ಹೆಚ್ಚು. ಮಿಲ್ಲು ಮುಚ್ಚಿದಾಗ ತಮಗೆ ಸಿಕ್ಕಿದ್ದು 'ಮುಂದೆ ತಿಳಿಸಲಾಗುವುದು' ಎಂಬ ಒಂದು ಕಾಗದ. ಮುಂದೆ ಯಾರೂ ಏನೂ ತಿಳಿಸಲಿಲ್ಲ. ಬೆರಳು ಇಳಿಯುತ್ತಾ ಇಳಿಯುತ್ತಾ ನೀರಿನ ಮೀಟರ್ ಓದುವವರ ಸಾಲಿಗೆ ಬಂದು ನಿಂತಿತು. ಅಲ್ಲಿ ತಮ್ಮ ಮನೆಗೆ ಬರುವ ಮೀಟರಿನವನ ಹೆಸರಿತ್ತು. ಪರವಾಗಿಲ್ಲದ ಸಂಬಳ. ಎರಡು ವರ್ಷದಿಂದ ತಮ್ಮ ಮನೆಯಲ್ಲಿ, ತಮ್ಮೆದುರು ಕೂತು ಟೀ ಕುಡಿದವನು, ಮಂಡಿ ನೋವಿನಿಂದ ಹಿಡಿದು ಮಗಳ ಪರೀಕ್ಷೆಯವರೆಗೆ ಎಲ್ಲ ಹೇಳಿಕೊಂಡವನು, ಇದೊಂದನ್ನು ಹೇಳಲಿಲ್ಲವಲ್ಲ ಎನ್ನಿಸಿ ಟೈಮ್‌ಕೀಪರಿಗೆ ಮೋಸ ಹೋದ ಹಾಗಾಯಿತು. ತಾವೇನು ಕೇಳಿದ್ದರೇ? ಕೇಳಿರಲಿಲ್ಲ. ಆದರೂ ಆ ಸಾಲನ್ನು ಇನ್ನೊಮ್ಮೆ ಓದಿದರು.

ಮೀಟರು ಮನೆಯ ಹಿಂದೆ, ಬಚ್ಚಲಿನ ಗೋಡೆಯಲ್ಲಿದೆ. ಅದನ್ನು ಓದಬೇಕಾದವನು ಮನೆಯೊಳಗೆ ನಡೆದು, ಅಡುಗೆಮನೆ ದಾಟಿಯೇ ಹೋಗಬೇಕು. ಹೊಸದಾಗಿ ಬಂದ ಮೊದಲ ತಿಂಗಳು ಅವನು ಓದಿ ಹೊರಟಾಗ ಟೈಮ್‌ಕೀಪರ್ "ಸ್ವಲ್ಪ ಕೂತ್ಕೊಳ್ಳಿ, ಬಿಸಿಲು" ಅಂದಿದ್ದರು. ಅವನು ಒಂದು ನಿಮಿಷ ಅವರ ಮುಖ ನೋಡಿ ಕೂತಿದ್ದ. ಅಂದಿನಿಂದ ತಿಂಗಳ ಏಳನೆಯ ತಾರೀಖು ಉಳಿದ ತಾರೀಖುಗಳ ಹಾಗಿರಲಿಲ್ಲ. ಆರನೆಯ ತಾರೀಖಿಗೇ ಬಿಸ್ಕತ್ತು ತರುವುದು, ಕುರ್ಚಿ ಒರೆಸುವುದು, ಅಷ್ಟೇ ಯಾಕೆ, ಮೀಟರಿನ ಗಾಜನ್ನೂ ಒದ್ದೆ ಬಟ್ಟೆಯಿಂದ ಒರೆಸಿಡುವುದು. ಅವನು ಬಂದರೆ ಹೇಳಬೇಕೆಂದು ತಿಂಗಳಿಡೀ ಮಾತು ಕೂಡಿಡುತ್ತಿದ್ದರು. ಅವನು ಎರಡು ಸಲ ಎದ್ದರೆ ಎರಡು ಸಲವೂ ಕೂರಿಸುತ್ತಿದ್ದರು. ಅವನು ಹೋದ ಮೇಲೆ ಪುಸ್ತಕ ತೆಗೆದು ಬರೆಯುತ್ತಿದ್ದರು. ಬರೆಯುವುದು ದುರುದ್ದೇಶದಿಂದಲ್ಲ, ಕೈ ತಾನಾಗಿ ಬರೆಯುತ್ತಿತ್ತು. ಗೇಟಿನ ಅಭ್ಯಾಸ. ಒಳಗೆ ಇಷ್ಟು ಗಂಟೆ, ಹೊರಗೆ ಇಷ್ಟು ಗಂಟೆ. ಗ್ಯಾಸಿನವನು, ಟಪಾಲಿನವನು, ಛಾವಣಿ ರಿಪೇರಿಯವನು ಎಲ್ಲರೂ ಆ ಪುಸ್ತಕದಲ್ಲಿದ್ದರು. ಹೆಂಡತಿಯನ್ನು ಆಸ್ಪತ್ರೆಗೆ ಕರೆದೊಯ್ದ ಬೆಳಗ್ಗೆ 'ಹೊರಗೆ 7.35' ಎಂದು ಬರೆದಿದ್ದರು. ಅದರ ಪಕ್ಕದ 'ಒಳಗೆ' ಇನ್ನೂ ಖಾಲಿ. ಹಿಂದಿನ ತಿಂಗಳ ಏಳನೆಯ ತಾರೀಖಿನ ಸಾಲಿನಲ್ಲಿ: ಮೀಟರಿನವನು, ಒಳಗೆ 1.03, ಹೊರಗೆ 1.44.

ಸಂಘದ ಕಾರ್ಯದರ್ಶಿ ಪೇಟೆಯಲ್ಲಿ ಔಷಧಿ ಅಂಗಡಿ ಇಟ್ಟವರು. ಪಟ್ಟಿ ಹಾಕಿದ ವಾರ ಸಹಿ ಸಂಗ್ರಹಿಸುತ್ತಾ ಬಂದರು, ಬಾಗಿಲಲ್ಲೇ ನಿಂತು ಹೋಗದೆ ಒಳಗೆ ಬಂದರು, ಅದೇ ಕುರ್ಚಿಯಲ್ಲಿ ಕೂತರು. ಮನೆಗೆ ಬಂದು ಕೂತವರನ್ನು ಬರಿಗೈಯಲ್ಲಿ ಕಳಿಸುವುದು ಹೇಗೆ? ಅವರು ನೌಕರರ ಸೋಮಾರಿತನದ ಬಗ್ಗೆ ಹೇಳುತ್ತಿದ್ದ ಹಾಗೆ ಟೈಮ್‌ಕೀಪರ್ ಎದ್ದುಹೋಗಿ ಪುಸ್ತಕ ತಂದು ತೊಡೆಯ ಮೇಲೆ ಬಿಚ್ಚಿಟ್ಟಿದ್ದರು. ಔಷಧಿ ಅಂಗಡಿಯವರು ಕನ್ನಡಕ ಏರಿಸಿ, ಒಂದು ಹೊತ್ತಿನಿಂದ ಇನ್ನೊಂದನ್ನು ಕಳೆದು ನೋಡಿ, "ಸಾರ್, ಇದು ದಾಖಲೆ. ನಿಮ್ಮಂಥೋರು ಊರಿಗೆ ಹತ್ತು ಜನ ಇದ್ದಿದ್ರೆ ಪುರಸಭೆ ಹೀಗಿರ್ತಿರಲಿಲ್ಲ" ಅಂದರು. ಆ ಮಾತಿಗೆ ಟೈಮ್‌ಕೀಪರ್ ಉಬ್ಬಿಹೋಗಿ ಪುಸ್ತಕವನ್ನೇ ಅವರ ಕೈಗೆ ಕೊಟ್ಟು ಕಳಿಸಿದರು. ಅಷ್ಟು ಹೊತ್ತು ಅವನನ್ನು ಕೂರಿಸಿಕೊಂಡವರು ಯಾರೆಂದು ಔಷಧಿ ಅಂಗಡಿಯವರು ಕೇಳಲಿಲ್ಲ, ಇವರೂ ಹೇಳಲಿಲ್ಲ. ನಾಲ್ಕನೆಯ ದಿನ ಕರಪತ್ರ ಹೊರಬಿತ್ತು. 'ಒಂದು ಮೀಟರ್ ಓದಲು ನಲವತ್ತೊಂದು ನಿಮಿಷ! ನಿಮ್ಮ ತೆರಿಗೆಯಲ್ಲಿ ಕೂತು ತಿನ್ನುತ್ತಿರುವವರು ಯಾರು?' ಕೆಳಗೆ ಚಿಕ್ಕದಾಗಿ, 'ಹಿರಿಯ ತೆರಿಗೆದಾರರೊಬ್ಬರ ದಾಖಲೆಯಿಂದ'. ಗುರುತಿಲ್ಲದವರು ಬೀದಿಯಲ್ಲಿ ನಿಲ್ಲಿಸಿ ಕೈ ಕುಲುಕಿದರು. ಈ ತಿಂಗಳ ಏಳಕ್ಕೆ ಬಿಸ್ಕತ್ತು ತಟ್ಟೆಗೆ ಹಾಕಿ ಕಾದಿದ್ದರು, ಏನು ಮುಖ ಇಟ್ಟುಕೊಂಡು ಕಾದರೋ. ಮೀಟರಿನವನು ಬೆಳಗ್ಗೆಯೇ ಬಂದ, ಜೊತೆಯಲ್ಲಿ ಒಬ್ಬ ಮೇಲ್ವಿಚಾರಕ. ಹಿಂದೆ ಹೋದ, ಓದಿದ, ಬಂದ. "ಆಯ್ತು ಸಾರ್" ಅಂದ. ತಟ್ಟೆಯ ಕಡೆ ನೋಡಲಿಲ್ಲ. ಬಿಸ್ಕತ್ತು ಮೂರು ದಿನ ಅಲ್ಲೇ ಇದ್ದು ಮೆತ್ತಗಾಯಿತು.

ರಸೀದಿಯನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದಾಗ ಬಾಗಿಲಲ್ಲಿ ನಾದಿನಿ ನಿಂತಿದ್ದಳು, ತೀರಿಹೋದ ಹೆಂಡತಿಯ ತಂಗಿ. ಎರಡು ಬೀದಿ ಆಚೆ ಅವಳ ಮನೆ. ಕೈಯಲ್ಲಿ ಕರಪತ್ರ.

"ಭಾವ, ಇದರಲ್ಲಿರೋ ಹಿರಿಯ ತೆರಿಗೆದಾರರು ನೀವೇ ಅಂತೆ?"

"ಹ್ಞೂಂ. ಒಳಗೆ ಬಾ, ಕೂತ್ಕೋ."

"ಕೂರೋಕೆ ಎಲ್ಲಿ ಹೊತ್ತು ಭಾವ, ಒಲೆ ಮೇಲೆ ಹಾಲಿಟ್ಟು ಬಂದಿದೀನಿ."

ಅಕ್ಕ ತೀರಿಕೊಂಡು ಆರು ವರ್ಷವಾಯಿತು. ಅಂದಿನಿಂದಲೂ ಆ ಹಾಲು ಒಲೆಯ ಮೇಲೇ ಇದೆ.

"ಅಲ್ಲ ಭಾವ, ನಮ್ಮನೇಲಿ ಆ ಮನುಷ್ಯ ಒಂದು ನಿಮಿಷ ನಿಲ್ಲಲ್ಲ. ನೀರು ಬೇಕೇನಪ್ಪಾ ಅಂದ್ರೂ ಬೇಡಮ್ಮ ಅಂತ ಓಡ್ತಾನೆ. ನಿಮ್ಮನೇಲಿ ಮಾತ್ರ ಅಷ್ಟು ಹೊತ್ತು ಏನ್ಮಾಡ್ತಿದ್ದ?"

"ಸೋಮಾರಿ. ಫ್ಯಾನ್ ಕೆಳಗೆ ಕೂತಿರ್ತಿದ್ದ."

"ಫ್ಯಾನು ನಮ್ಮನೇಲೂ ಇದೆ" ಎಂದು ಅವಳು ಶರಟನ್ನು ನೋಡಿದಳು. ಅಕ್ಕ ತಂದದ್ದೆಂದು ಗೊತ್ತಾಗಿರಬೇಕು. ಕರಪತ್ರ ಮಡಚಿಕೊಂಡು ಮೆಟ್ಟಿಲಿಳಿದಳು.

ಪುರಸಭೆಗೆ ಹತ್ತು ನಿಮಿಷದ ದಾರಿ. ಫ್ಯಾನು ನಮ್ಮನೇಲೂ ಇದೆ, ಫ್ಯಾನು ನಮ್ಮನೇಲೂ ಇದೆ ಎಂದು ಚಪ್ಪಲಿ ಹೇಳುತ್ತಿದ್ದ ಹಾಗೆ ನಡೆದರು. ಎರಡರಲ್ಲಿ ಒಂದು ನಿಜವಿರಬೇಕು. ಅವನು ಕೆಲಸಗಳ್ಳನಾಗಿದ್ದು, ಕೂರಲು ಒಂದು ನೆರಳು, ಕುಡಿಯಲು ಒಂದು ಲೋಟ ಟೀ ಸಿಕ್ಕಿತೆಂದು ಕೂರುತ್ತಿದ್ದ. ಹಾಗಾದರೆ ತಾವು ಮಾಡಿದ್ದು ಸರಿ, ತೆರಿಗೆ ಕಟ್ಟುವವನು ಮಾಡಬೇಕಾದದ್ದೇ. ಅಥವಾ ಅವನು ತಮಗಾಗಿ ಕೂರುತ್ತಿದ್ದ. ಹಾಗಾದರೆ? ಈ ಎರಡನೆಯದು ನಿಜವಾಗಲಿ ಎಂದು ಮನಸ್ಸು ಹಂಬಲಿಸುತ್ತಿತ್ತು, ನಿಜವಾದರೆ ತಮ್ಮ ಕಥೆ ಮುಗಿಯಿತೆಂದು ಗೊತ್ತಿದ್ದೂ. ನುಂಗಲೂ ಆಗದ, ಉಗುಳಲೂ ಆಗದ ತುತ್ತು. ಒಂದು ಸಲ, ಕಳೆದ ವರ್ಷವಿರಬೇಕು, ಜ್ವರ ಬಂದು ಮಲಗಿದ್ದರು. ಅವನು ತಾನೇ ಅಡುಗೆಮನೆಗೆ ಹೋಗಿ ಟೀ ಮಾಡಿ ತಂದಿದ್ದ. ಸಕ್ಕರೆ ಎಲ್ಲಿದೆ ಎಂದು ಕೇಳಿರಲಿಲ್ಲ, ಅವನಿಗೆ ಗೊತ್ತಿತ್ತು. ಆ ದಿನವೂ ಅವನು ಹೋದ ಮೇಲೆ, ಮೈ ಸುಡುತ್ತಿದ್ದರೂ, ದಿಂಬಿನ ಪಕ್ಕದ ಪುಸ್ತಕಕ್ಕೆ ಕೈ ಹಾಕಿ ಹೊತ್ತು ಬರೆದಿದ್ದರು. ಕೆಲಸವಿಲ್ಲದ ಬಡಗಿ ಮಗನ ಅಂಡು ಕೆತ್ತಿದನಂತೆ. ಅವರಿಗೆ ಮಕ್ಕಳೂ ಇರಲಿಲ್ಲ.

ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಔಷಧಿ ಅಂಗಡಿಯವರು ಕರವಸ್ತ್ರ ಹಾಸಿಟ್ಟಿದ್ದ ಕುರ್ಚಿಯಲ್ಲಿ ಟೈಮ್‌ಕೀಪರ್ ಕೂತರು. ಎದುರಿಗೆ ಉದ್ದನೆಯ ಮೇಜು, ನಡುವೆ ಅಧ್ಯಕ್ಷೆ, ಪಕ್ಕದಲ್ಲಿ ಮೊಹರು ಹಿಡಿದ ಗುಮಾಸ್ತೆ. ಹಿಂದಿನ ಗೋಡೆಗೆ ಒರಗಿ ನೌಕರರು ನಿಂತಿದ್ದರು. ಅವರಲ್ಲಿ ಅವನಿದ್ದಾನೆಯೇ ಎಂದು ತಿರುಗಿ ನೋಡಲು ಕುತ್ತಿಗೆ ಒಪ್ಪಲಿಲ್ಲ. ಒಬ್ಬೊಬ್ಬರಾಗಿ ರಸೀದಿ ಎತ್ತಿದರು. ಒಬ್ಬ ಹೊಲಿಗೆಯಂಗಡಿಯವನು ಕಾರಂಜಿಯ ಮೇಲೆ ಮಾತಾಡಿ ಜನರನ್ನು ನಗಿಸಿದ. ಒಬ್ಬ ಮೇಷ್ಟ್ರ ಹೆಂಡತಿ ಚರಂಡಿಯ ಬಗ್ಗೆ ಹೇಳುತ್ತಾ ಅತ್ತಳು. ಎಲ್ಲರ ರಸೀದಿಯ ಮೂಲೆಗೂ ಮೊಹರು ಬಿತ್ತು. ಆರನೆಯವರಾಗಿ ಔಷಧಿ ಅಂಗಡಿಯವರು ಎದ್ದು ಕರಪತ್ರ ಓದಿದರು. ಮೀಟರ್ ಓದುವ ಕೆಲಸವನ್ನು ಗುತ್ತಿಗೆಗೆ ಕೊಡಬೇಕು, ಕೂತು ತಿನ್ನುವವರನ್ನು ಮನೆಗೆ ಕಳಿಸಬೇಕು. ಚಪ್ಪಾಳೆ. ಅಧ್ಯಕ್ಷೆ ಬೇಸರದಿಂದ ಹಿಂದಿನ ಗೋಡೆಯ ಕಡೆ ನೋಡಿ, "ಯಾರ್ರೀ ಅದು, ಮುಂದೆ ಬನ್ನಿ. ನಲವತ್ತೊಂದು ನಿಮಿಷ ಏನ್ಮಾಡ್ತಿದ್ರಿ?" ಅಂದರು.

ಅವನು ಬಂದು ಮೇಜಿನ ಪಕ್ಕ ನಿಂತ. ಇವರಿಂದ ನಾಲ್ಕು ಮಾರು ದೂರ. ಮುಖ ಕ್ಷೌರ ಮಾಡಿಕೊಂಡು ಬಂದಿದ್ದ, ಗಲ್ಲದಲ್ಲಿ ಒಂದು ಕಡೆ ಕೊಯ್ದುಕೊಂಡಿದ್ದ. ಇವರ ಕಡೆ ನೋಡಲಿಲ್ಲ.

"ಮೇಡಂ, ಅವರ ಮನೆ ಮೀಟರಿನ ಗಾಜು ಮಸುಕಾಗಿದೆ. ಅಂಕಿ ಕಾಣಲ್ಲ. ಒರೆಸ್ಬೇಕು, ಟಾರ್ಚ್ ಹಾಕಿ ನೋಡ್ಬೇಕು. ಅದಕ್ಕೆ ತಡ ಆಗ್ತಿತ್ತು."

"ಹಾಗಿದ್ರೆ ಬರೆದು ಕೊಡೋದಲ್ವಾ? ಪ್ರತಿ ತಿಂಗಳೂ ಒರೆಸ್ತಾ ಕೂರೋದಾ?"

"ತಪ್ಪಾಯ್ತು ಮೇಡಂ."

"ಒಂದು ಎಚ್ಚರಿಕೆ ಪತ್ರ ಕೊಡಿ ಇವರಿಗೆ. ಗಾಜು ಬದಲಾಯಿಸಿ. ಮುಂದೆ, ಏಳನೆಯವರು ಯಾರು?"

ಅಷ್ಟೇ. ಮುಗಿದಿತ್ತು. ಟೈಮ್‌ಕೀಪರ್ ಕುರ್ಚಿಯ ಕೈ ಹಿಡಿದುಕೊಂಡು ಕೂತಿದ್ದರು. ಮಸುಕು ಗಾಜು! ಆ ಗಾಜನ್ನು ತಮ್ಮ ಕೈಯಾರೆ ಆರನೆಯ ತಾರೀಖು ತಪ್ಪದೆ ಒರೆಸಿದ್ದರು. ಅವನು ಅದಕ್ಕೆ "ನಿಮ್ಮ ಮೀಟರ್ ನೋಡಿದ್ರೆ ಕನ್ನಡಿ ನೋಡಿದ ಹಾಗಾಗುತ್ತೆ ಸಾರ್" ಎಂದು ನಕ್ಕಿದ್ದ. 'ಆ ಮುದುಕ ಬಿಡುವುದಿಲ್ಲ ಮೇಡಂ, ಮಾತಾಡಲು ಅವನಿಗೆ ಯಾರೂ ಇಲ್ಲ' ಎಂದು ಇಷ್ಟು ಜನರ ಮುಂದೆ ಒಂದೇ ಮಾತು ಹೇಳಿದ್ದರೆ ಅವನ ತಲೆಯ ಮೇಲಿನ ಹೊರೆ ಇಳಿಯುತ್ತಿತ್ತು. ಅವನು ಹೇಳಲಿಲ್ಲ. ಗಾಜಿನ ಮೇಲೆ ಹಾಕಿದ. ಎಷ್ಟೋ ವರ್ಷದ ಮೇಲೆ ಯಾರೋ ತಮ್ಮ ಮಾನ ಕಾಯುತ್ತಿದ್ದಾರೆ ಎಂಬ ಸುಖಕ್ಕೋ ನಾಚಿಕೆಗೋ ತಿಳಿಯದೆ ಟೈಮ್‌ಕೀಪರ್ ಎದ್ದು ನಿಂತರು. ರಸೀದಿ ಎತ್ತಿದರು. ಬಾಯಿಪಾಠ ಮಾಡಿದ್ದರಲ್ಲಿ ಒಂದಕ್ಷರ ನೆನಪಿಗೆ ಬರಲಿಲ್ಲ.

"ಗಾಜು ಮಸುಕಾಗಿಲ್ಲ" ಅಂದರು. ಧ್ವನಿ ತಮ್ಮದೆನಿಸಲಿಲ್ಲ. "ಗಾಜು ಚೆನ್ನಾಗೇ ಇದೆ. ಅವರು ಒಂದು ನಿಮಿಷದಲ್ಲಿ ಓದ್ತಾರೆ. ನಾನೇ ಕೂರಿಸ್ಕೊಳ್ತಿದ್ದೆ. ಹೋಗ್ತೀನಿ ಅಂದ್ರೂ ಬಿಡ್ತಿರಲಿಲ್ಲ. ಮನೇಲಿ... ಮಾತಾಡೋಕೆ ಯಾರೂ ಇಲ್ಲ, ಅದಕ್ಕೆ."

ಹಿಂದಿನಿಂದ ಯಾರೋ "ಪುರಸಭೆ ಖರ್ಚಲ್ಲಿ ಹರಟೆ" ಎಂದು ಒಗ್ಗರಣೆ ಹಾಕಿದರು. ನಗು ಸಾಲಿನಿಂದ ಸಾಲಿಗೆ ಹೋಯಿತು. ಔಷಧಿ ಅಂಗಡಿಯವರು ನಗಲಿಲ್ಲ. ಅವರು ಚುರುಕು ಮನುಷ್ಯ. ಕೂತಲ್ಲಿಂದಲೇ, "ಮೇಡಂ, ಅಂದ್ರೆ ಆ ನೌಕರ ಈಗ ಇದೇ ಸಭೇಲಿ, ನಿಮ್ಮ ಮುಖಕ್ಕೇ ಸುಳ್ಳು ಹೇಳಿದ ಅಂತಾಯ್ತು. ಗಾಜು ಚೆನ್ನಾಗಿದೆ ಅಂತ ಮನೆ ಯಜಮಾನರೇ ಹೇಳ್ತಿದಾರೆ" ಅಂದರು. ಅಧ್ಯಕ್ಷೆಯ ಮುಖ ಕೆಂಪಾಯಿತು. ಟೈಮ್‌ಕೀಪರ್ "ಹಾಗಲ್ಲ, ನಾನು ಹೇಳಿದ್ದು" ಎಂದು ಮತ್ತೆ ಬಾಯಿ ತೆರೆದರು. ತಾವು ಇನ್ನೂ ಒಂದು ನಿಮಿಷವೂ ಮಾತಾಡಿಲ್ಲವೆಂದು ಅವರಿಗೆ ಗೊತ್ತಿತ್ತು, ಹೊತ್ತಿನ ವಿಷಯದಲ್ಲಿ ಅವರಿಗೆ ತಪ್ಪುವುದಿಲ್ಲ. ಆದರೆ ಗುಮಾಸ್ತೆ ಆಗಲೇ ಕೈ ಚಾಚಿ ರಸೀದಿ ಎಳೆದುಕೊಂಡು ಮೊಹರು ಒತ್ತಿದ್ದಳು. ಸಭೆಗೆ ಸುಳ್ಳು ಹೇಳಿದ್ದಕ್ಕೆ ಅಮಾನತು. ಸೋಮವಾರ ಕೆಲಸದಿಂದ ತೆಗೆಯುವ ಆದೇಶ. ಮೀಟರ್ ಓದುವುದು ಇನ್ನು ಗುತ್ತಿಗೆಗೆ. ಇಷ್ಟೆಲ್ಲ ಆಗುವಾಗ ಟೈಮ್‌ಕೀಪರ್ ನಿಂತೇ ಇದ್ದರು. ಯಾರೋ ಶರಟು ಹಿಡಿದು ಕೂರಿಸಿದರು.

ಊಟಕ್ಕೆ ಸಭೆ ಬಿಟ್ಟಾಗ ಅವನು ಕಾರಂಜಿಯ ಕಟ್ಟೆಯ ಮೇಲೆ ಕೂತು ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದ. ಟೈಮ್‌ಕೀಪರ್ ಹತ್ತಿರ ಹೋಗಿ ನಿಂತರು. ಅವನು ಬೈಯುತ್ತಾನೆಂದುಕೊಂಡಿದ್ದರು, ಬೈದಿದ್ದರೆ ಚೆನ್ನಾಗಿತ್ತು.

"ಯಾಕೆ ಸಾರ್ ಹೇಳೋಕೆ ಹೋದ್ರಿ? ಎಚ್ಚರಿಕೆ ಪತ್ರದಲ್ಲಿ ಮುಗೀತಿತ್ತು."

"ಸತ್ಯ ಹೇಳೋಣ ಅಂತ."

"ಅದೂ ಪೂರ್ತಿ ಸತ್ಯ ಅಲ್ಲ ಬಿಡಿ. ನೀವೇ ಬರ್ಕೊಂಡಿದ್ರಲ್ಲ, ನೋಡ್ಲಿಲ್ವಾ? ಎಲ್ಲ ತಿಂಗಳೂ ಒಂದು ಗಂಟೆಗೆ ಬರ್ತಿದ್ದೆ, ಒಂದೂ ಮುಕ್ಕಾಲಿನೊಳಗೆ ಏಳ್ತಿದ್ದೆ. ನಮ್ಮ ಊಟದ ಬಿಡುವು ಸಾರ್ ಅದು. ದಾರೀಲಿ ನಿಮ್ಮನೇನ ಬಿಟ್ಟು ಮುಂದೆ ಹೋಗಿ, ಬಿಡುವಿಗೆ ಸರಿಯಾಗಿ ವಾಪಸ್ ಬರ್ತಿದ್ದೆ."

ಟೈಮ್‌ಕೀಪರ್ ಕಟ್ಟೆಯ ಮೇಲೆ ಕೂತರು. ಮಿಲ್ಲಿನಲ್ಲಿ ಒಂದು ಗಂಟೆಗೆ ಸೈರನ್ ಕೂಗಿದರೆ ಅವರ ಪೆನ್ನು ಕೆಳಗೆ ಬೀಳುತ್ತಿತ್ತು. ಊಟದ ಬಿಡುವಿನಲ್ಲಿ ಮನುಷ್ಯ ಎಲ್ಲಿಗೆ ಹೋದ, ಎಷ್ಟು ಹೊತ್ತಿಗೆ ಬಂದ ಎಂದು ಬರೆಯಬಾರದು, ಅದು ಅವನ ಸ್ವಂತ ಹೊತ್ತು. ಅದನ್ನೂ ಬರೆ ಎಂದ ಮ್ಯಾನೇಜರಿನೊಂದಿಗೆ ಜಗಳವಾಡಿ ಒಂದು ವಾರ ಮನೆಯಲ್ಲಿ ಕೂತಿದ್ದರು. ಹೆಂಡತಿ ಅದನ್ನು ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಅಂಥವರು ಇಪ್ಪತ್ಮೂರು ತಿಂಗಳು, ಇಪ್ಪತ್ಮೂರು ಸಾಲು, ಒಂದೂ ತಪ್ಪದ ಹಾಗೆ ಒಬ್ಬನ ಊಟದ ಹೊತ್ತನ್ನು ಬರೆದುಕೊಂಡಿದ್ದರು. ಬರೆದದ್ದನ್ನು ಓದಿರಲಿಲ್ಲ. ಮನೆಯಲ್ಲಿ ಸೈರನ್ ಇರಲಿಲ್ಲ.

"ಒಳಗೆ ಹೇಳ್ಬಹುದಿತ್ತಲ್ಲ."

"ಹೇಳಿದ್ರೆ, ಊಟದ ಹೊತ್ತಲ್ಲಿ ಅವರ ಮನೇಲಿ ನಿನಗೇನು ಕೆಲಸ ಅಂತ ಕೇಳೋರು. ನಿಮ್ಮ ವಿಷಯ ಎಲ್ಲ ಬಾಯಿ ಬಿಡ್ಬೇಕಾಗ್ತಿತ್ತು, ಅಷ್ಟು ಜನದ ಮುಂದೆ." ಅವನು ಎದ್ದ. "ಹೋಗ್ಲಿ ಬಿಡಿ, ನೀವೇ ಹೇಳ್ಕೊಂಡ್ರಿ."

"ಬನ್ನಿ, ಈಗಲೇ ಹೋಗಿ ಮೇಡಂಗೆ ಹೇಳೋಣ."

"ಈಗ ಬಾಯಲ್ಲಿ ಹೇಳಿದ್ರೆ ಇನ್ನೊಂದು ಕಥೆ ಕಟ್ಟಿದ ಅಂತಾರೆ. ಆ ಪುಸ್ತಕ ತೋರಿಸಿದ್ರೆ ನಂಬಬಹುದು. ನಿಮ್ಮ ಹತ್ರ ಇದೆಯಾ?"

"ಸಂಘದವರ ಹತ್ರ ಇದೆ. ಈಸ್ಕೊಂಡು ಬರ್ತೀನಿ."

"ಸೋಮವಾರದೊಳಗೆ ಸಾರ್" ಎಂದ ಅವನು. ಆಗ ಮಾತ್ರ ಅವನ ಧ್ವನಿ ಸ್ವಲ್ಪ ಅಲುಗಿತು. "ಮಗಳ ಫೀಸ್ ಕಟ್ಟೋದಿದೆ."

"ಆಮೇಲೆ ಮನೆ ಕಡೆ ಬನ್ನಿ. ಏಳನೇ ತಾರೀಖೇ ಆಗ್ಬೇಕು ಅಂತಿಲ್ಲ."

ಅವನು ಅವರ ಮುಖ ನೋಡಿದ, ಮೊದಲ ದಿನ ನೋಡಿದ ಹಾಗೆಯೇ. "ಇಲ್ಲ ಸಾರ್. ಇನ್ನು ಬರೋಕಾಗಲ್ಲ" ಎಂದ. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ರಸ್ತೆ ದಾಟಿ ಬಸ್ ನಿಲ್ದಾಣದ ಕಡೆ ಹೋದ.

ಸಂಘದವರು ಪಕ್ಕದ ಕ್ಯಾಂಟೀನಿನಲ್ಲಿ ಎರಡು ಮೇಜು ಜೋಡಿಸಿಕೊಂಡು ಕೂತಿದ್ದರು. ಟೈಮ್‌ಕೀಪರ್ ಒಳಗೆ ಕಾಲಿಟ್ಟ ಕೂಡಲೇ "ಬನ್ನಿ ಬನ್ನಿ" ಎಂದು ಏಳೆಂಟು ಜನ ಒಟ್ಟಿಗೆ ಎದ್ದರು. ಸಭೆಯಲ್ಲಿ ನಕ್ಕವರೂ ಅವರಲ್ಲಿದ್ದರು. ಈಗ ಆ ನಗುವಿನಲ್ಲಿ ಮುಳ್ಳಿರಲಿಲ್ಲ. ಹೊಲಿಗೆಯಂಗಡಿಯವನು ತಾನು ಕೂತಿದ್ದ ಕುರ್ಚಿ ಬಿಟ್ಟುಕೊಟ್ಟ. ಮೇಷ್ಟ್ರ ಹೆಂಡತಿ, "ನಿಮ್ಮ ಹಾಗೆ ಎಲ್ಲರ ಮುಂದೆ ಮನಸ್ಸು ಬಿಚ್ಚಿ ಹೇಳೋಕೆ ನಮಗಾಗ್ತಿರಲಿಲ್ಲ" ಎಂದು ಟೀ ಲೋಟ ಮುಂದಿಟ್ಟಳು. ಇನ್ನು ಸಂಘದ ಸಭೆ ಪ್ರತಿ ಶನಿವಾರ, ಇಲ್ಲೇ, ನೀವು ಇರಲೇಬೇಕು ಎಂದು ಯಾರೋ ಹೇಳಿದರು; ಮನೆಯಲ್ಲಿ ಒಬ್ಬರೇ ಏನ್ಮಾಡ್ತೀರಿ ಎಂದು ಇನ್ನೊಬ್ಬರು. ಔಷಧಿ ಅಂಗಡಿಯವರ ಮುಂದೆ ಕಾಗದಗಳ ಮೇಲೆ ಆ ಪುಸ್ತಕವಿತ್ತು. ಕೈ ಚಾಚಿದರೆ ಸಿಗುವಷ್ಟು ಹತ್ತಿರ.

"ಆ ಪುಸ್ತಕ" ಅಂದರು ಟೈಮ್‌ಕೀಪರ್.

"ಜೋಪಾನವಾಗಿದೆ ಸಾರ್. ಇವತ್ತು ಗೆಲ್ಲಿಸಿದ್ದೇ ಇದು" ಎಂದು ಔಷಧಿ ಅಂಗಡಿಯವರು ಅದರ ಮೇಲೆ ಕೈಯಿಟ್ಟರು. "ಯಾಕೆ, ಬೇಕಿತ್ತಾ?"

ಎಲ್ಲರೂ ಮಾತು ನಿಲ್ಲಿಸಿ ಅವರ ಕಡೆ ತಿರುಗಿದರು. ಅಷ್ಟು ಮುಖಗಳು ಒಮ್ಮೆಗೇ ಅವರನ್ನು ನೋಡಿ ಎಷ್ಟು ಕಾಲವಾಗಿತ್ತೋ. ಊಟದ ಬಿಡುವು ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಅದನ್ನು ಹೇಳಿದರೆ ಈ ಮುಖಗಳು ಹೇಗಾಗುತ್ತವೆಂದು ಅವರಿಗೆ ಗೊತ್ತಿತ್ತು. ಹೇಳಿ ಎದ್ದುಹೋದರೆ ಎಲ್ಲಿಗೆ ಹೋಗುವುದೆಂಬುದೂ ಗೊತ್ತಿತ್ತು, ಅಲ್ಲಿಗೆ ಯಾರೂ ಬರುವುದಿಲ್ಲವೆಂಬುದೂ.

"ಇಲ್ಲ, ಇರ್ಲಿ. ಸುಮ್ನೆ ಕೇಳ್ದೆ" ಅಂದರು.

ಮಾತು ಮತ್ತೆ ಶುರುವಾಯಿತು. ಟೀ ಇನ್ನೂ ಬಿಸಿಯಿತ್ತು. ಹಿಂದಿನಿಂದ ಯಾರೋ ಅವರ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ತಳ್ಳಿದರು.